ಕತ್ತಲೆಯನ್ನು ತಾವೇ ತರತಕ್ಕದ್ದು

ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ದಾರಿ ತಪ್ಪಿದವರು ಎತ್ತ ತಿರುಗಿದರೂ ಗೋಂದಿನ ಕಾರ್ಖಾನೆಯ ಮುಂದೆಯೇ ಬಂದು ನಿಲ್ಲುತ್ತಾರೆ ಎಂಬುದು ನಿರ್ವಿವಾದವಾದ ಸಂಗತಿ. ಉಮಾಬಾಯಿ ಮೂರನೆಯ ಸಲ ಬಂದು ನಿಂತಿದ್ದಳು. ಲಡಾಖಿನ ತನಕ ಒಬ್ಬಳೇ ಕಾರು ಹೊಡೆದುಕೊಂಡು ಹೋಗಿ ಬಂದವಳು, ಇಸ್ತಾಂಬುಲ್ಲಿನ ಸಂತೆಯಲ್ಲಿ ಚೌಕಾಸಿ ಮಾಡಿ ಗೆದ್ದವಳು, ತಾನಿರುವ ಊರಿನಲ್ಲೇ ಮಟಮಟ ಮಧ್ಯಾಹ್ನ ಮೂಗಿಗೆ ಸೆರಗು ಹಿಡಿದುಕೊಂಡು ಕಿಟಕಿಯಿಂದ ತಲೆ ಹೊರಹಾಕಿದಳು.

ರಸ್ತೆಯ ಬದಿಯಲ್ಲಿ ಒಬ್ಬ ಹಿರಿಯ ಮನುಷ್ಯ ಸ್ಕೂಟರು ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಮೇ ತಿಂಗಳ ಬಿಸಿಲಿನಲ್ಲಿ ಹೆಗಲ ಮೇಲೆ ಕರಿ ಕಂಬಳಿ.

"ಲೈಟ್ ಆಫೀಸು ಎಕ್ಕಡ ಉಂದ್ರಿ?" ಎಂದು ತೆಲುಗಿನಲ್ಲಿ ದಾರಿ ಕೇಳಿದಳು ಉಮಾಬಾಯಿ.

"ಎಡಕ್ಕ ಹೊಳ್ಳಿ ಸೀದಾ ಹೋಗ್ರಿ. ಕಲಬುರ್ಗಿ ಕಡಿಯವರೇನ್ರಿ?"

"ಹ್ಯಾಂಗ ಗೊತ್ತಾತ್ರಿ?"

"ತೆಲುಗಿಗೂ 'ರಿ' ಹಚ್ಚೋರು ಬ್ಯಾರೆ ಯಾರದಾರ್ರಿ?" ಅವನು ನಕ್ಕ. ಹೆಸರು ವೀರಭದ್ರಪ್ಪ, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಿಂದ ನಿವೃತ್ತ. "ನಾನೂ ಅಲ್ಲಿಗೇ ಹೊಂಟೀನಿ. ಬಾಯಾರ, ಕಂಬಳಿ ತಂದೀರೇನು?"

"ಈ ಬ್ಯಾಸಗ್ಯಾಗ ಕಂಬಳಿ ಯಾಕ್ರಿ?"

"ಹೋದ್ರ ತಿಳೀತೈತಿ."

ಅವಳದು ಅಪ್ಪನ ಕಾಲದ ಅಂಬಾಸಿಡರ್. ಅದರ ಮೂಲ ದೀಪಗಳು ಎಷ್ಟು ಸಂಭಾವಿತವಾಗಿದ್ದವೆಂದರೆ, ರಾತ್ರಿ ಎಮ್ಮೆ ಎದುರಾದರೆ ಎಮ್ಮೆಯೇ ಮೊದಲು ಕಾರನ್ನು ನೋಡುತ್ತಿತ್ತು. ಬೀದರಿನ ರಸ್ತೆಯಲ್ಲಿ ಅಂಥ ಒಂದು ಎಮ್ಮೆ ದೊಡ್ಡ ಮನಸ್ಸು ಮಾಡಿ ಪಕ್ಕಕ್ಕೆ ಸರಿದ ಮೇಲೆ, ಉಮಾಬಾಯಿ ಕಾಚಿಗೂಡದ ಮಿಸ್ತ್ರಿಯಿಂದ ಹೊಸ ಹ್ಯಾಲೊಜನ್ ದೀಪ ಹಾಕಿಸಿದಳು. ಹೊಸ ದೀಪಕ್ಕೆ ಸಾರಿಗೆ ಇಲಾಖೆಯ ಮುದ್ರೆ ಬೇಕು. ಮುದ್ರೆಗೆ ಇವತ್ತೇ ಕಡೆಯ ದಿನ. ಸಂಜೆ ಐದರೊಳಗೆ ಮುದ್ರೆ ಬೀಳದ ಹಳೆಯ ವಾಹನವು ತಾನಾಗಿಯೇ ಗುಜರಿಗೆ ಸೇರಲು ಇಚ್ಛಿಸಿದೆ ಎಂದು ಭಾವಿಸಲಾಗುವುದಾಗಿ ಪತ್ರ ಬಂದಿತ್ತು.

ವಾಹನ ದೀಪ ಪರಿಶೀಲನಾ ಉಪಕೇಂದ್ರದ ಗೋಡೆಯ ಮೇಲೆ ಪ್ರಕಟಣೆ ಇತ್ತು:

"ದೀಪಗಳನ್ನು ಕತ್ತಲೆಯಲ್ಲಿ ಮಾತ್ರ ಪರೀಕ್ಷಿಸಲಾಗುವುದು. ಕಚೇರಿಯ ವೇಳೆಯಲ್ಲಿ ಕತ್ತಲೆ ಲಭ್ಯವಿರುವುದಿಲ್ಲವಾದ ಕಾರಣ, ಸಾರ್ವಜನಿಕರು ಕತ್ತಲೆಯನ್ನು ತಾವೇ ತರತಕ್ಕದ್ದು. ಹುಣ್ಣಿಮೆ ದರ್ಜೆಯ ಕತ್ತಲೆಯನ್ನು ತಿರಸ್ಕರಿಸಲಾಗುವುದು."

ಉಮಾಬಾಯಿ ಎರಡು ಸಲ ಓದಿದಳು. ಸಾಲಿನಲ್ಲಿ ನಿಂತವರನ್ನು ನೋಡಿದಳು. ಒಬ್ಬರ ಬಗಲಲ್ಲಿ ಜಮಖಾನೆ, ಒಬ್ಬರ ಕೈಯಲ್ಲಿ ದೇವರ ಮನೆಯ ಪರದೆ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

ಇನ್ಸ್‌ಪೆಕ್ಟರ್ ಸುಬ್ಬರಾಯ ಬಳ್ಳಾರಿಯ ಗಡಿಯವನು. ಕನ್ನಡ ಚೆನ್ನಾಗಿ ಬರುತ್ತಿತ್ತು. ನಿಯಮ ಹೇಳುವಾಗ ಇನ್ನೂ ಚೆನ್ನಾಗಿ ಬರುತ್ತಿತ್ತು.

"ಕಚೇರಿಗೆ ಸ್ವಂತ ಟಾರ್ಪಾಲು ಇದೆಯಮ್ಮಾ. ಅದರ ನಿರ್ವಹಣೆಯನ್ನು ಗೇಟಿನ ಬಳಿ ಇರುವ ನಮ್ಮ ಭಾವಮೈದುನ ಮಲ್ಲಪ್ಪನಿಗೆ ವಹಿಸಲಾಗಿದೆ. ಬಾಡಿಗೆಗೆ ಕೊಡುತ್ತಾನೆ."

ಉಮಾಬಾಯಿ ಗೇಟಿಗೆ ಹೋದಳು. ಮಲ್ಲಪ್ಪ ಹಗ್ಗ ಸುತ್ತುತ್ತ ಕೂತಿದ್ದ.

"ಕತ್ತಲಿ ಇಲ್ರಿ ಇವತ್ತು. ಮದಿವಿ ಮನಿಗೆ ಹೋಗೈತಿ."

"ಮದಿವಿಗೆ ಕತ್ತಲಿ ಯಾಕೋ ತಮ್ಮಾ?"

"ಅಲ್ಲಿ ಅದನ್ನ ನೆರಳು ಅಂತಾರ್ರಿ. ಕತ್ತಲೀಗಿಂತ ನೆರಳಿಗೆ ಬಾಡಿಗಿ ಹೆಚ್ಚು."

"ಕಡೀ ದಿನಾನ ಹೋಗಬೇಕಿತ್ತೇನು ಅದು?"

ಮಲ್ಲಪ್ಪ ಅಂಬಾಸಿಡರಿನ ಬಂಪರನ್ನು ಪ್ರೀತಿಯಿಂದ ಸವರಿದ. "ಗುಜರಿ ಅಂಗಳದ ಗುತ್ತಿಗಿನೂ ನಂದ ಐತ್ರಿ. ಎಲ್ಲಾ ಕಡೆ ನಾನೊಬ್ಬನ ಓಡ್ಯಾಡಬೇಕು."

ಅಷ್ಟರಲ್ಲಿ ವೀರಭದ್ರಪ್ಪನ ಸ್ಕೂಟರು ಕೆಮ್ಮುತ್ತ ಬಂತು. ಅವನು ಹೆಗಲಿಂದ ಕಂಬಳಿ ತೆಗೆದು ಕೊಟ್ಟ. "ಮೊದಲ ನಿಮ್ಮದಾಗ್ಲಿ ಬಾಯಾರ. ಆಮ್ಯಾಲ ನನ್ನ ಕತ್ತಲಿ ನನಗ ಕೊಡ್ರಿ. ನಂದೂ ಇವತ್ತ ಕಡೀ ದಿನ."

ಸುಬ್ಬರಾಯ ಕಂಬಳಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಒಂದು ಎಳೆಯಷ್ಟೂ ಬೆಳಕು ತೂರಲಿಲ್ಲ. "ಅಮಾವಾಸ್ಯೆ ದರ್ಜೆ!" ಎಂದು ಗೌರವದಿಂದ ನುಡಿದು, ದೀಪದ ಮುಂದೆ ಕುಕ್ಕರಗಾಲಿನಲ್ಲಿ ಕೂತು ದೀಪಕ್ಕೂ ತನಗೂ ಸೇರಿಸಿ ಮುಸುಕು ಹಾಕಿಕೊಂಡ. "ಹಾಕಿ!"

ಉಮಾಬಾಯಿ ಗುಂಡಿ ಒತ್ತಿದಳು. ಕಂಬಳಿ ಒಂದು ಮೊಳ ಹಾರಿ ಹಿಂದಕ್ಕೆ ಬಿತ್ತು.

"ಏನ್ ಕಂಡ್ತ್ರೀ ಸಾಹೇಬ್ರ?"

"ಎಲ್ಲಾ ಕಂಡಿತು," ಎಂದ ಸುಬ್ಬರಾಯ ಕಣ್ಣುಜ್ಜಿಕೊಳ್ಳುತ್ತ. "ಅದೇ ದೋಷ. ಮೂಲ ಮಂದತೆಯ ನಿಯಮ ಕೇಳಿಲ್ಲವೇ ನೀವು? ಹಳೆಯ ದೀಪವು ಏನೇನನ್ನು ಕಾಣಿಸುತ್ತಿರಲಿಲ್ಲವೋ, ಅವುಗಳನ್ನು ಹೊಸ ದೀಪವೂ ಕಾಣಿಸತಕ್ಕದ್ದಲ್ಲ."

"ಹಂಗಾದ್ರ ಹೊಸಾದು ಯಾಕ್ ಹಾಕಬೇಕ್ರಿ?"

"ಹಾಕಬಾರದು ಎಂದು ಎಲ್ಲೂ ಹೇಳಿಲ್ಲಮ್ಮಾ. ಇಲಾಖೆ ಪ್ರಗತಿಗೆ ವಿರುದ್ಧವಲ್ಲ."

ಕಚೇರಿಯ ಕರಿ ಬಣ್ಣದ ಡಬ್ಬಿ ಬಂತು. ಗಾಜಿನ ಮೇಲರ್ಧಕ್ಕೆ ಬಳಿದರು. ಸುಬ್ಬರಾಯ ಮುಸುಕಿನೊಳಗಿಂದ, "ನನ್ನ ಕೈಗಡಿಯಾರ ಕಾಣುತ್ತಿದೆ," ಎಂದು ದೂರಿದ. ಕೆಳಗರ್ಧಕ್ಕೂ ಬಳಿದರು. ಮತ್ತೊಮ್ಮೆ ಮುಸುಕು.

"ಏನೂ ಕಾಣುವುದಿಲ್ಲ!" ಕಂಬಳಿಯೊಳಗಿಂದ ಹರ್ಷದ ದನಿ ಬಂತು. "ತೇರ್ಗಡೆ!"

ಮುದ್ರೆ ಬಿತ್ತು. ಸುಬ್ಬರಾಯ ಬಗ್ಗಿ ಮೆಲ್ಲಗೆ ಹೇಳಿದ: "ನೀರಿನ ಬಣ್ಣವಮ್ಮಾ. ನೀವಾಗಿ ತೊಳೆದರೆ ಅಪರಾಧ. ಮಳೆ ಬಂದು ತೊಳೆದರೆ ಯಾರೇನು ಮಾಡಲು ಸಾಧ್ಯ? ಮಳೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ."

ಉಮಾಬಾಯಿ ತಲೆಯಾಡಿಸಿದಳು. ಹತ್ತಾರು ದೇಶಗಳ ಗಡಿಗಳಲ್ಲಿ ಅಧಿಕಾರಿಗಳನ್ನು ಕಂಡವಳು. ಇಷ್ಟು ಅಂತಃಕರಣದವನನ್ನು ಕಂಡಿರಲಿಲ್ಲ.

ಕಂಬಳಿಗಾಗಿ ಕೈ ಚಾಚಿದಾಗ ಸುಬ್ಬರಾಯ ಅದನ್ನು ಮಡಿಚಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದ.

"ಇಷ್ಟು ಶುದ್ಧವಾದ ಕತ್ತಲೆ ಈ ಉಪಕೇಂದ್ರಕ್ಕೆ ಬಂದದ್ದೇ ಇಲ್ಲ. ಮಾದರಿ ಕತ್ತಲೆ ಎಂದು ಮುಖ್ಯ ಕಚೇರಿಗೆ ಕಳಿಸತಕ್ಕದ್ದು. ಅನುಮೋದನೆ ಬಂದ ಮೇಲೆ ವಾಪಸು."

"ಅದು ನಮ್ಮವ್ವನ ಕಂಬಳ್ರೀ!" ವೀರಭದ್ರಪ್ಪ ಕಪಾಟಿನ ಬಾಗಿಲು ಹಿಡಿದ. "ನನ್ನ ಗಾಡಿ ಇನ್ನೂ ಆಗಿಲ್ರಿ!"

"ಕತ್ತಲೆ ತನ್ನಿ. ಈಗಲೇ ಮಾಡೋಣ."

ವೀರಭದ್ರಪ್ಪ ಆಕಾಶ ನೋಡಿದ. ಸೂರ್ಯ ಅವನ ಕಷ್ಟ ತಿಳಿಯದೆ ಉರಿಯುತ್ತಿದ್ದ. ಸಾಲಿನವರು ತಮ್ಮ ತಮ್ಮ ಜಮಖಾನೆಗಳನ್ನು ಎದೆಗೆ ಒತ್ತಿಕೊಂಡರು. ಕಪಾಟಿನಲ್ಲಿ ಇನ್ನೂ ಜಾಗವಿದ್ದದ್ದು ಅವರಿಗೂ ಕಂಡಿತ್ತು. ಮಲ್ಲಪ್ಪ ಹಗ್ಗದ ಒಂದು ತುದಿಯನ್ನು ಆಗಲೇ ಸ್ಕೂಟರಿನ ಹ್ಯಾಂಡಲಿಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು, ಐದಾಗುವುದನ್ನು ಕಾಯುತ್ತ ಗೋಡೆಯ ಗಡಿಯಾರ ನೋಡುತ್ತಿದ್ದ.

ಮುದ್ರೆಯಾದ ಕಾರು ಹತ್ತಿ ಉಮಾಬಾಯಿ ಹೋಗಬಹುದಾಗಿತ್ತು. ಊರೂರು ಅಲೆಯುವಾಗ ಅವಳು ಯಾರ್ಯಾರ ಮನೆಯಲ್ಲೋ ಉಂಡಿದ್ದಳು, ಯಾರ್ಯಾರದೋ ಕೊಡೆ, ಸ್ವೆಟರು, ಸೈಕಲ್ಲು ಇಸಿದುಕೊಂಡು ಹಿಂದಿರುಗಿಸಿದ್ದಳು. ಯಾರ ಕತ್ತಲೆಯನ್ನೂ ಇಟ್ಟುಕೊಂಡು ಓಡಿಹೋದವಳಲ್ಲ. ಅವಳು ಸುತ್ತಿ ಹೋಗಿ ಅಂಬಾಸಿಡರಿನ ಡಿಕ್ಕಿ ತೆರೆದಳು. ಸ್ಟೆಪ್ನಿ, ಸೀಮೆಎಣ್ಣೆ ಸ್ಟೋವು, ಹಾಸಿಗೆ ಸುರುಳಿ ಒಂದೊಂದಾಗಿ ನೆಲಕ್ಕೆ ಬಂದವು.

"ಸಾಹೇಬ್ರ, ಒಳಗ ಬರ್ರಿ."

"ನಿಯಮದಲ್ಲಿ ಡಿಕ್ಕಿಯ ಪ್ರಸ್ತಾಪವಿಲ್ಲಮ್ಮಾ."

"ಕಂಬಳೀದು ಇತ್ತೇನ್ರಿ?"

ಸುಬ್ಬರಾಯ ನಿಯಮದ ಪುಸ್ತಕವನ್ನು ತಿರುವಿ ಹಾಕಿದ. "ಕತ್ತಲೆಯ ಮೂಲವನ್ನು ನಿಯಮ ವಿಚಾರಿಸುವುದಿಲ್ಲ," ಎಂದು ಕೊನೆಗೆ ತೀರ್ಪು ಕೊಟ್ಟು, ಚಪ್ಪಲಿ ಕಳಚಿಟ್ಟು ಡಿಕ್ಕಿಯೊಳಗೆ ಕಾಲು ಮಡಿಚಿ ಮಲಗಿದ. ಸ್ಕೂಟರಿನ ಮೂತಿಯನ್ನು ಒಳಗೆ ತುರುಕಿದರು. ಹ್ಯಾಂಡಲಿನ ಮೇಲೆ ಮುಚ್ಚಳ ಎಳೆದು ಕೂಡಿಸಿದರು. ಸಂದುಗಳಿಗೆ ಸಾಲಿನವರು ತಮ್ಮ ಟವೆಲು, ಜಮಖಾನೆ, ದೇವರ ಪರದೆ ಎಲ್ಲವನ್ನೂ ಗಿಡಿದರು. ಮಲ್ಲಪ್ಪ ಕೂಡ ಹಗ್ಗ ಬಿಚ್ಚಿ ಕೈ ಹಚ್ಚಿದ, ಭಾವ ಒಳಗಿದ್ದನಲ್ಲ.

"ಹಾಕಿ!" ಎಂದಿತು ಡಿಕ್ಕಿ.

ವೀರಭದ್ರಪ್ಪ ಗುಂಡಿ ಒತ್ತಿದ. ಆಮೇಲೆ ಉಮಾಬಾಯಿಯ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಬಾಯಾರ, ಇದಕ್ಕ ಬಲ್ಬೇ ಇಲ್ರಿ. ಹೋದ ವರ್ಷ ಬಿದ್ದು ಹೋಗೈತಿ."

ಉಮಾಬಾಯಿ ಜಮಖಾನೆಯ ತುದಿಯನ್ನು ಸಂದಿಗೆ ಇನ್ನಷ್ಟು ಒತ್ತಿದಳು.

"ಏನೂ ಕಾಣುವುದಿಲ್ಲ!" ಡಿಕ್ಕಿ ಗುಡುಗಿತು. "ಇಂಥ ದೀಪವನ್ನು ನಾನು ನನ್ನ ಸೇವಾವಧಿಯಲ್ಲೇ ಕಂಡಿಲ್ಲ. ತೇರ್ಗಡೆ! ಮುಂದಿನವರು ಬರಲಿ!"

ಸ್ಕೂಟರನ್ನು ಎಳೆದು ಮುಂದಿನ ಗಾಡಿಯನ್ನು ತುರುಕಿದರು. ಸಾಲು ಶಿಸ್ತಾಗಿ ಡಿಕ್ಕಿಯ ಕಡೆಗೆ ತಿರುಗಿತು. ಒಳಗಿನಿಂದ ಚಾಚಿದ ಒಂದು ಕೈ ವೀರಭದ್ರಪ್ಪನ ಕಾಗದದ ಮೇಲೆ ಮುದ್ರೆ ಒತ್ತಿತು.

"ಅಣ್ಣಾರ," ಎಂದಳು ಉಮಾಬಾಯಿ, ಸ್ಟೋವಿನ ಮೇಲಿನ ಧೂಳು ಒರೆಸುತ್ತ, "ನಿಮ್ಮ ಕತ್ತಲಿ ನಿಮಗ ಮುಟ್ಟಿತಲ್ರಿ?"

ವೀರಭದ್ರಪ್ಪ ಒದ್ದೆ ಮುದ್ರೆಗೆ ಊದಿ, ಕಾಗದ ಮಡಿಚಿ ಜೇಬಿಗಿಟ್ಟುಕೊಂಡ.

"ಮುಟ್ತ್ರಿ ಬಾಯಾರ. ಪೂರಾ ಮುಟ್ತು."