ಅರ್ಧ ಮುಖದ ಸ್ಯಾಂಪಲ್

"ಎಂಟು ಮಹಡಿ ಬಿಲ್ಡಿಂಗಿಗೆ ಕಳೆ ತಂದಾಂವ ನಾ! ನಿನ್ನ ಅಂಗೈಯಷ್ಟು ಮುಖಕ್ಕ ಕಳೆ ತರೋದು ಯಾವ ದೊಡ್ಡ ಮಾತು?"

ಪುಣೆಯ ಧನಕವಡಿಯ ಎರಡು ಕೋಣೆಯ ಮನೆಯಲ್ಲಿ ಪೇಂಟರ್ ಹುಲಿಗೆಪ್ಪ ಹೀಗೆ ಪ್ರತಿಜ್ಞೆ ಮಾಡಿದಾಗ ಹೆಂಡತಿ ಶಿವಕಾಂತಾ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ.

"ನನ್ನ ಮುಖ ಗ್ವಾಡಿ ಅಲ್ರಿ. ನಾ ತೊಟ್ಟಿಲಕ್ಕ ಬರಂಗಿಲ್ಲ ಅಂದ್ರ ಬರಂಗಿಲ್ಲ."

ಭಾನುವಾರ ಪಿಂಪ್ರಿಯಲ್ಲಿ ಅವಳ ತಮ್ಮನ ಚೊಚ್ಚಲ ಕೂಸಿಗೆ ಹೆಸರಿಡುವ ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆ, ಅಂದರೆ ಶಿವಕಾಂತಾ. ಆದರೆ ಸೀಮಂತದ ದಿನ ತಮ್ಮನ ಅತ್ತೆ ಅನುಸೂಯಾ ತುಂಬಿದ ಮಂದಿಯ ನಡುವೆ ಅವಳ ಗದ್ದ ಹಿಡಿದು, "ಅಯ್ಯ, ಮುಖದ ತುಂಬ ಬಂಗು! ರೊಟ್ಟಿ ಸೀದಂಗಾಗ್ಯಾದಲ್ರಿ!" ಎಂದಿದ್ದಳು. ಬಿಸಿಲಲ್ಲಿ ಇಟ್ಟಿಗೆ ಹೊತ್ತ ವರ್ಷಗಳೆಲ್ಲ ಆ ಎರಡು ಕೆನ್ನೆಗಳ ಮೇಲೆ ಕಂದು ನೆರಳಾಗಿ ಕುಳಿತಿದ್ದವು. ಅಂದಿನಿಂದ ಶಿವಕಾಂತಾ ಕನ್ನಡಿಗೆ ಬೆನ್ನು ಮಾಡಿದ್ದಳು.

ಹುಲಿಗೆಪ್ಪ ನೇರ ಮೆಡಿಕಲ್ ಅಂಗಡಿಗೆ ಹೋದ. ಕೌಂಟರಿನ ಹುಡುಗಿ ಶರ್ವರಿ ಮೂರು ಪುಟ್ಟ ಬಾಟಲಿ ಇಟ್ಟು ಮರಾಠಿಯಲ್ಲಿ ವಿವರಿಸಿದಳು. ಇದು ವಿಟಮಿನ್ ಸಿ, ಕಲೆಯನ್ನು ಮೆಲ್ಲಗೆ ತಿಳಿಯಾಗಿಸುತ್ತದೆ. ಇದು ಸತ್ತ ಪದರ ಬಿಡಿಸುವ ಆಸಿಡ್. ಇದು ರೆಟಿನಾಲ್, ವಿಟಮಿನ್ ಎ ವಂಶದ್ದು. ಒಳಗಿನ ಹೊಸ ಚರ್ಮವನ್ನು ಮೇಲಕ್ಕೆ ಕರೆಯುತ್ತದೆ.

ಹುಲಿಗೆಪ್ಪ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನಿಂತೇ ಬಿಟ್ಟ. ಜನ್ಮವಿಡೀ ಹೊರಗಿನಿಂದ ಬಳಿದವನು ಅವನು. ಗೋಡೆ ತಾನಾಗಿಯೇ ಒಳಗಿನಿಂದ ಹೊಸದಾಗುವುದೆಂದರೇನು! ನೆಲ್ಲಿಕಾಯಿಯಲ್ಲಿರುವ ಸತ್ವವೇ ಈ ಹನಿಯಲ್ಲಿ! ಗುಡಿಯಲ್ಲಿ ತೀರ್ಥ ಹಿಡಿದವನಂತೆ ಬಾಟಲಿಯನ್ನು ಕಣ್ಣಿಗೊತ್ತಿಕೊಂಡ.

"ಕಾಕಾ, ಸಗಳಂ ಏಕದಮ್ ನಕೋ!" ಎಂದು ಶರ್ವರಿ ಎಚ್ಚರಿಸಿದಳು. ಎಲ್ಲ ಒಮ್ಮೆಗೇ ಬೇಡ, ರೆಟಿನಾಲ್ ರಾತ್ರಿ ಮಾತ್ರ, ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಿಗೆ ಹೋಗಬೇಡಿ, ತಿಂಗಳುಗಟ್ಟಲೆ ತಾಳ್ಮೆ ಬೇಕು, ಮೊದಲು ಕಿವಿಯ ಹಿಂದೆ ತುಸು ಹಚ್ಚಿ ನೋಡಿ.

ಅವನ ತಲೆಗೆ ಇಳಿದದ್ದು ಕೊನೆಯ ಮಾತೊಂದೇ. ಹಚ್ಚಿ ನೋಡುವುದು! ಅದು ಅವನ ಕಸುಬಿನ ಧರ್ಮ! ಅರ್ಧ ಗೋಡೆಗೆ ಸ್ಯಾಂಪಲ್ ಬಳಿದು ಮಾಲೀಕರ ಒಪ್ಪಿಗೆ ಪಡೆಯದೆ ಅವನೆಂದೂ ಕೆಲಸ ಹಿಡಿದವನಲ್ಲ. ಹೆಂಡತಿಯ ಮುಖದ ಮೇಲೆ ಪ್ರಯೋಗವೇ? ಛೇ! ತನ್ನ ಮುಖದ ಬಲಭಾಗ ಖಾಲಿಯೇ ಇದೆಯಲ್ಲ!

ಗುರುವಾರ ಸೈಟಿಗೆ ರಜೆ ಹಾಕಿ, ಕೊಂಡು ತಂದ ಮೂರೂ ಬಾಟಲಿ ಹಿಡಿದು ತಾರಸಿ ಹತ್ತಿದ. ಒರಟು ಟವೆಲ್ಲಿನಿಂದ ಕೆನ್ನೆ ಉಜ್ಜಿ ಮಟ್ಟ ಮಾಡಿದ. ಆಸಿಡ್ ಪ್ರೈಮರ್ ಆಯಿತು, ರೆಟಿನಾಲ್ ಪುಟ್ಟಿಯಾಯಿತು, ವಿಟಮಿನ್ ಸಿ ಫಿನಿಶಿಂಗ್ ಕೋಟ್ ಆಯಿತು. ಪ್ರತಿ ಕೋಟೂ ಒಣಗಬೇಕಲ್ಲ? ಸೂರ್ಯನಾರಾಯಣನಿಗೆ ಕೆನ್ನೆ ಒಡ್ಡಿ ಕುಳಿತ.

ಮೊದಲು ಚುರುಚುರು. "ಮಾಲು ಹಿಡೀಲಿಕ್ಕತ್ಯಾದ!" ಎಂದು ಹಿಗ್ಗಿದ. ಆಮೇಲೆ ಉರಿ. ಆಮೇಲೆ ಮೆಣಸಿನಕಾಯಿ ಮಿಲ್ಲಿಗೇ ಮುಖ ಕೊಟ್ಟಂತೆ! ಮೆಟ್ಟಿಲಿಳಿದು ಓಡಿ ನಳ ತಿರುಗಿಸಿದರೆ ಅದು ಬುಸ್ಸೆಂದಿತು. ಪುಣೆಯ ಗುರುವಾರ! ರಿಪೇರಿಗೆಂದು ಊರಿಗೆಲ್ಲ ನೀರು ಬಂದ್!

"ಶಿವೂ! ಸುಟ್ಟೆ!"

ಕುಡಿಯುವ ನೀರಿನ ಕೊಡವನ್ನೇ ಎತ್ತಿ ಅವಳು ಅವನ ಮುಖಕ್ಕೆ ಸುರಿದಳು. "ಏನ್ ಹಚ್ಕೊಂಡ್ರಿ?"

"ನಿನಗ ಹಚ್ಚೋಕಿಂತ ಮೊದಲ... ಸ್ಯಾಂಪಲ್..."

ಅವಳು ಸೆರಗಿನ ತುದಿಯಿಂದ ಗದ್ದದ ನೀರೊರೆಸುತ್ತ ಆ ಕೆಂಪು ಕೆನ್ನೆಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಡಿಕಲ್ ಅಂಗಡಿಗೆ ಕರೆದೊಯ್ದಾಗ ಶರ್ವರಿ ಮೂರೂ ಬಾಟಲಿ ಮುಚ್ಚಿಸಿ, ಬರೀ ಮುಲಾಮು ಕೊಟ್ಟು ಕಳಿಸಿದಳು.

ಭಾನುವಾರದ ಹೊತ್ತಿಗೆ ಎಡಭಾಗ ಹುಲಿಗೆಪ್ಪ, ಬಲಭಾಗ ಹಳೇ ಡಿಸ್ಟೆಂಪರ್ ಗೋಡೆ! ಪದರು ಪದರಾಗಿ ಏಳುತ್ತಿತ್ತು. ಅವನು ಗೋಡೆಗೆ ಮುಖ ಮಾಡಿ ಕುಳಿತ. "ಈ ಮಾರಿ ಹೊತ್ಕೊಂಡು ನಾ ಬರಂಗಿಲ್ಲ."

"ಮಾರಿ ಸಲುವಾಗಿ ಯಾರರ ಮನ್ಯಾಗ ಕುಂದರ್ತಾರೇನ್ರಿ?" ಎಂದವಳೇ ಶಿವಕಾಂತಾ ಥಟ್ಟನೆ ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ ಬಿದ್ದುಬಿದ್ದು ನಕ್ಕಳು. ರೇಷ್ಮೆ ಸೀರೆ ಉಟ್ಟಳು. "ಏಳ್ರಿ. ನೀವು ಜೋಡಿ ಇದ್ರ ನನ್ನ ಮುಖ ಯಾರು ನೋಡ್ತಾರ?"

ಯಾರೂ ನೋಡಲಿಲ್ಲ! ನೂರು ಕಣ್ಣು ಹುಲಿಗೆಪ್ಪನ ಮೇಲಿದ್ದಾಗ ಸೋದರತ್ತೆ ತೊಟ್ಟಿಲಿಗೆ ಬಾಗಿ ಹೆಸರು ಉಸುರಿದಳು. ಕೂಸು ಪುಟ್ಟ ಕೈಯೆತ್ತಿ ಅವಳ ಕೆನ್ನೆ ಮುಟ್ಟಿತು. ಮೂರು ಬಾಟಲಿಗೂ ಆಗದ ಬೆಳಕೊಂದು ಆ ಮುಖದಲ್ಲಿ ಏರಿದ್ದನ್ನು ಹುಲಿಗೆಪ್ಪ ಉರಿ ಮರೆತು ನೋಡಿದ.

ಅನುಸೂಯಾ ಸುಮ್ಮನಿರುವವಳೇ? "ಏನ್ರಿ ಶಿವಕಾಂತಾ, ನಿಮ್ಮವರ ಅರ್ಧ ಮುಖ ಎಲ್ಲಿ ಹೋತು?"

"ನನ್ನ ಸಲುವಾಗಿ ಹಾಳು ಮಾಡ್ಕೊಂಡಾರ್ರಿ," ಎಂದಳು ಶಿವಕಾಂತಾ, ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ.

"ಮತ್ತ ಉಳಿದರ್ಧ?"

"ಅದಕ್ಕ ಬಾಟಲಿ ಮುಟ್ಟಗೊಡಂಗಿಲ್ರಿ. ಮಂದ್ಯಾಗ ಗಂಡನ್ನ ಗುರ್ತು ಹಿಡೀಲಿಕ್ಕೆ ನನಗ ಅಷ್ಟರ ಬೇಕಲ್ಲ!"