ಕಾಂತಸುಳಿಯೆಂದು ಮೆರೆದ ಧೂಳಿನ ಕಣಕ್ಕೆ

ಮಾನ್ಯ ಧೂಳಿನ ಕಣದವರೇ,

ತಾವು ಕುಳಿತಲ್ಲಿಂದ ಕದಲುವವರಲ್ಲವೆಂದು ಚೆನ್ನಾಗಿ ಬಲ್ಲೆನಾದ್ದರಿಂದ ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ; ಆದರೂ ಮರ್ಯಾದೆಗಾಗಿ ವಿಚಾರಿಸಿದ್ದೇನೆ. ತಾವು ಆಸನವಾಗಿ ಆರಿಸಿಕೊಂಡ ಕೋಬಾಲ್ಟ್ ಪದರದ ಒಡತಿ ನಾನು, ಐದನೆಯ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ತಮ್ಮಂಥ ಸೂಕ್ಷ್ಮರ ವಿಷಯವನ್ನು ಹತ್ತು ಜನರ ಮುಂದೆ ಇಡಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ಆ ಪದರ ಒಂದು ಕೂದಲನ್ನು ಎರಡು ಸಾವಿರ ಎಳೆಯಾಗಿ ಸೀಳಿದರೆ ಸಿಗುವ ಒಂದೆಳೆಯಷ್ಟು ತೆಳು. ತಲೆಯಿಂದ ಪಾದದವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಬಂದ ಸೀನನ್ನು ನುಂಗಿಕೊಂಡು, ನಾಲ್ಕು ತಿಂಗಳು ಕಷ್ಟಪಟ್ಟು ಅದನ್ನು ಬೆಳೆಸಿದ್ದೆ. ಅದರೊಳಗಿನ ಕಾಂತತೆ ಕೆಲವೆಡೆ ಮೇಲ್ಮುಖವಾಗಿ, ಕೆಲವೆಡೆ ಕೆಳಮುಖವಾಗಿ ಪಟ್ಟೆಪಟ್ಟೆಯಾಗಿ ನಿಲ್ಲುವುದನ್ನು ನೋಡಲು ಎಕ್ಸ್-ರೇ ಸೂಕ್ಷ್ಮದರ್ಶಕವೇ ಬೇಕು. ಅದಕ್ಕಾಗಿ ಹನ್ನೊಂದು ತಿಂಗಳು ಸರದಿಯಲ್ಲಿ ಕಾದ ನಮಗೆ ಸಿಕ್ಕಿದ್ದು ಮೂರೇ ದಿನ. ತಾವಾದರೋ ಸರದಿ ಗಿರದಿ ಎಂಬ ತಾಪತ್ರಯವಿಲ್ಲದೆ ನೇರವಾಗಿ ಬಂದು ನಟ್ಟನಡುವೆ ವಿರಾಜಮಾನರಾದಿರಿ.

ಮೊದಲ ದಿನ ಬೆಳಿಗ್ಗೆ ಪರದೆಯ ಮೇಲೆ ತಮ್ಮ ದುಂಡನೆಯ ಕಪ್ಪು ಮುಖ ಮೂಡಿದಾಗ, ನನ್ನ ಮಾರ್ಗದರ್ಶಕರಾದ ಸರ್ ಕುರ್ಚಿಯಿಂದ ಎದ್ದೇ ಬಿಟ್ಟರು. ಕಾಂತತೆ ತನ್ನ ಸುತ್ತಲೇ ತಿರುಗಿ ನಿಲ್ಲುವ ಪುಟ್ಟ ಸುಳಿಯೊಂದನ್ನು ಅವರು ಆರು ವರ್ಷದಿಂದ ಹುಡುಕುತ್ತಿದ್ದರು. "ಬಂತು ಕಣಮ್ಮಾ, ಸುಳಿ ಬಂತು!" ಎಂದು ಕೂಗಿದರು. ಎಕ್ಸ್-ರೇ ಕಿರಣ ತಿರುಚಿಕೊಂಡು ಸಾಗುವ ಸುತ್ತನ್ನು ಎಡದಿಂದ ಬಲಕ್ಕೆ ಬದಲಿಸಿದರೆ ಕಾಂತತೆಯಿಂದಾದ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ; ಉಳಿದದ್ದೆಲ್ಲ ಹಾಗೆಯೇ ಇರುತ್ತದೆ. ಆ ಪರೀಕ್ಷೆ ಮಾಡೋಣವೇ ಎಂದು ಮೆಲ್ಲಗೆ ಕೇಳಿದೆ. "ಕಣ್ಣಿಗೆ ಕಾಣ್ತಾ ಇದೆ, ಇನ್ನೇನು ಪರೀಕ್ಷೆ?" ಎಂದರು ಸರ್.

ಆಮೇಲೆ ಹೊರಗಿನ ಕಾಂತಬಲ ಹೆಚ್ಚಿಸಿದೆವು. ಪಟ್ಟೆಗಳೆಲ್ಲ ಸಣ್ಣಗಾಗಿ ಅಳಿಸಿಹೋದರೂ ತಾವು ಜಗ್ಗಲಿಲ್ಲ. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರು, ಸರ್ "ಎಂಥ ದೃಢತೆ!" ಎಂದು ಕಣ್ಣೊರೆಸಿಕೊಂಡರು. ಊಟದ ಹೊತ್ತಿಗೆ ಸುದ್ದಿ ನಿರ್ದೇಶಕರಿಗೆ ಮುಟ್ಟಿ, ತಮ್ಮ ಭಾವಚಿತ್ರ ನೋಟಿಸ್ ಬೋರ್ಡಿನ ಗಾಜಿನೊಳಗೆ ರಾರಾಜಿಸುತ್ತಿತ್ತು. ನಾನೂ ಮೈಮರೆತು ಅಮ್ಮನಿಗೆ ಫೋನು ಮಾಡಿದೆ. "ಸುಳಿ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತೇನೇ? ನಿನ್ನ ತಲೆಯಲ್ಲೇ ಎರಡಿವೆಯಲ್ಲ" ಎಂದಳು.

ಮರುದಿನ ಸರ್ ಕಾಫಿಗೆ ಹೋದಾಗ, ಯಂತ್ರ ನಡೆಸುವ ಅಕ್ಕನೂ ನಾನೂ ಸೇರಿ ಕಿರಣದ ಸುತ್ತು ಬದಲಿಸಿದೆವು. ಪಟ್ಟೆಗಳೆಲ್ಲ ತಟಕ್ಕನೆ ಬಣ್ಣ ಅದಲುಬದಲು ಮಾಡಿಕೊಂಡವು. ತಾವು ಮಾತ್ರ ಸರ್ಕಾರ ಬದಲಾದರೂ ಕುರ್ಚಿ ಬಿಡದ ಗುಮಾಸ್ತರಂತೆ ಕಪ್ಪಗೇ ಕುಳಿತಿದ್ದಿರಿ. ಅಂದರೆ ತಾವು ಸುಳಿಯಲ್ಲ, ಬರೀ ಧೂಳು.

ವಿಷಯ ತಿಳಿದ ಸರ್ ಮೊದಲು ಕನ್ನಡಕ ಒರೆಸಿಕೊಂಡರು, ಆಮೇಲೆ ಕರ್ಚೀಫಿನಿಂದ ಪರದೆ ಒರೆಸಿದರು, ಮತ್ತೆ ಏಳು ಸಲ ಸುತ್ತು ಬದಲಿಸಿ ನೋಡಿದರು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ್ದು ಇಷ್ಟೇ: "ನೋಟಿಸ್ ಬೋರ್ಡಿನ ಬೀಗದ ಕೈ ಯಾರ ಹತ್ರ ಇರುತ್ತೆ?"

ಉಳಿದದ್ದು ಒಂದೂವರೆ ದಿನ. ಯಂತ್ರದ ಪೀಠ ಬೆಚ್ಚಗಾದಂತೆಲ್ಲ ಚಿತ್ರಗಳು ಜಾರುತ್ತಿದ್ದವು. ಒಂದರ ಮೇಲೊಂದು ಕೂರದೆ ಪಟ್ಟೆಗಳು ಕಲಸಿಹೋಗುತ್ತಿದ್ದವು. ಐದು ವರ್ಷ ನೀರುಪಾಲಾಯಿತೆಂದು ನನ್ನ ಕಣ್ಣು ತುಂಬಿತು. ಆಗ ಅಕ್ಕ, "ಅಳ್ಬೇಡ್ವೇ. ಎಲ್ಲ ಚಿತ್ರದಲ್ಲೂ ಬದಲಾಗದೆ ಇರೋದು ಆ ಧೂಳೊಂದೇ. ಅದನ್ನೇ ಹಿಡ್ಕೋ" ಎಂದಳು. ಹಾಗಾಗಿ ಮುನ್ನೂರ ಹನ್ನೆರಡು ಚಿತ್ರಗಳಲ್ಲಿಯೂ ತಮ್ಮ ಮೇಲೆ ತಮ್ಮನ್ನೇ ಕೂರಿಸುತ್ತಾ ಹೋದೆ. ಮೂರನೆಯ ದಿನ ಸಂಜೆಯ ಹೊತ್ತಿಗೆ ಪಟ್ಟೆಗಳು ಬಾಗುವುದು, ಕೂಡುವುದು, ಅಗಲುವುದು ಎಲ್ಲವೂ ನಿಚ್ಚಳವಾಗಿ ಕಂಡಿತು. ಸರ್ ಕನ್ನಡಕ ಏರಿಸಿ ನೋಡಿ, "ಇದು ಸುಳಿಗಿಂತ ಚೆನ್ನಾಗಿದೆಯಲ್ಲಮ್ಮಾ" ಎಂದು, ತಪ್ಪೊಪ್ಪಿಕೊಳ್ಳಲು ಒಬ್ಬರೇ ನಿರ್ದೇಶಕರ ಕೋಣೆಗೆ ನಡೆದರು. ನಾನು ನೆಲದ ಮೇಲೆ ಕೂತು ನಕ್ಕೆ, ಅತ್ತೆ. ಯಾವುದು ಮೊದಲೋ ನೆನಪಿಲ್ಲ.

ಉಪಕಾರವನ್ನು ಮರೆತಿಲ್ಲ. ಆದರೂ ಮುಂದಿನ ಸಲ ಬರುವಾಗ ದಯಮಾಡಿ ಅರ್ಜಿ ಹಾಕಿ ಬರಬೇಕು, ನಡುವೆ ಕೂರದೆ ಮೂಲೆಯಲ್ಲಿ ಕೂರಬೇಕು, ಕೊರಳಿಗೆ 'ನಾನು ಕಾಂತವಲ್ಲ' ಎಂಬ ಗುರುತಿನ ಚೀಟಿ ತೂಗುಹಾಕಿಕೊಂಡಿರಬೇಕು. ಅದೂ ಆಗದಿದ್ದರೆ, ಸರ್ ಅವರ ಸಂತೋಷಕ್ಕಾಗಿಯಾದರೂ ಒಂದೇ ಒಂದು ಸಲ ಬೆಳ್ಳಗಾಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮನ್ನು ಊದಿ ಹಾರಿಸಲಾರದೆ ಸೋತ,
ತಮ್ಮ ವಿಶ್ವಾಸಿ,
ಕೋಬಾಲ್ಟ್ ಪದರದ ಒಡತಿ

ಬರೆದು ಮುಗಿಸಿದ ಮೇಲೆ: ಪಟ್ಟೆಗಳ ಮೇಲೆ ನಾವು ಬರೆದ ಲೇಖನ ಓದಿದ ಪತ್ರಿಕೆಯ ಪರೀಕ್ಷಕರು, ಪಟ್ಟೆಗಳು ಸಾಧಾರಣ, ನಡುವಿನ ದುಂಡು ವಸ್ತುವಿನ ಮೇಲೆ ಪ್ರತ್ಯೇಕ ಲೇಖನವೇ ಬೇಕು ಎಂದು ಬರೆದಿದ್ದಾರೆ. ತಾವು ಸಹಲೇಖಕರಾಗಲು ಒಪ್ಪಬೇಕು. ಕೆಲಸವೇನೂ ಇಲ್ಲ, ಸುಮ್ಮನೆ ಕುಳಿತಿದ್ದರೆ ಸಾಕು. ನಮ್ಮ ವಿಭಾಗದ ಸಹಲೇಖಕರಲ್ಲಿ ಹೆಚ್ಚಿನವರು ಹಾಗೆಯೇ ಆದವರು.