ಮೌಸ್ ಕಿತ್ತರೆ ಏಳುವ ಲ್ಯಾಪ್‌ಟಾಪ್

ಬೈಲಹೊಂಗಲದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟವನಿಗೆ ಯಂತ್ರಗಳಿಂದ ತೊಂದರೆಯಿಲ್ಲ. ಅವುಗಳನ್ನು ಹಿಡಿದುಕೊಂಡು ಬರುವವರಿಂದಲೇ ಹೊತ್ತು ಹೋಗುತ್ತದೆ. ರಾಮದುರ್ಗದ ಮದುವೆ ಫೋಟೋಗ್ರಾಫರ್ ಒಬ್ಬರು ಹಾಗೆಯೇ ಬಂದರು.

೧. ನಿದ್ದೆ

“ಮುಚ್ಚಿ ಮಲಗಿಸಿರ್ತೇನ್ರಿ. ಮೌಸ್ ಕಿತ್ತ ಕೂಡ್ಲೆ ಎದ್ದು ಕುಂದರತೈತಿ.”

ಲ್ಯಾಪ್‌ಟಾಪನ್ನು ಎಬ್ಬಿಸುವ ಅನುಮತಿ ಮೌಸಿಗೆ ಇರುತ್ತದೆ, ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ತೆಗೆದರೆ ಮುಗಿಯಿತು ಎಂದೆ.

“ಈಗ ಬ್ಯಾಡ್ರಿ. ಸವದತ್ತ್ಯಾಗ ತಂಗಿ ಲಗ್ನ ಐತಿ, ಎಲ್ಲಾ ಇದರಾಗ ನಡೀಬೇಕು. ನೀವು ಒಂದು ತೆಗಿಯಾಕ ಹೋಗಿ ಇನ್ನೊಂದು ಹೋತಂದ್ರ? ಲಗ್ನ ಮುಗಿಸಿ ಬರ್ತೇನಿ. ನೀವೂ ಬರ್ರಿ.”

ನನ್ನ ಕೆಲಸದ ಮೇಲೆ ಅವರಿಗಿದ್ದ ನಂಬಿಕೆ ಊಟದ ಮಟ್ಟಿಗೆ ಗಟ್ಟಿಯಾಗಿತ್ತು.

೨. ಬಿಸಿ

ಆಮೇಲೆ ಅವರೇ ಹೇಳಿದ್ದು. ಕಿತ್ತೂರಿನ ಒಂದು ಮದುವೆ ಮುಗಿಸಿ, ಮೌಸ್ ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿ ಬಸ್ಸು ಹತ್ತಿದರು. ಅದು ಒಳಗೆ ಎಚ್ಚರವಾಗಿತ್ತು. ಇವರು ನಿಂತಿದ್ದನ್ನು ನೋಡಿ ಸೀಟಿನಲ್ಲಿದ್ದ ಅಜ್ಜಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು.

“ತಮ್ಮಾ, ರೊಟ್ಟಿ ಇನ್ನೂ ಬಿಸಿ ಅದಾವಲ್ಲೋ.”

“ರೊಟ್ಟಿ ಅಲ್ಲಬೇ, ಲ್ಯಾಪ್‌ಟಾಪ್.”

ಅಜ್ಜಿ ಮುಖ ತಿರುಗಿಸಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದಳು. ಇಳಿಯುವಾಗ ಬ್ಯಾಗು ಕೊಟ್ಟು ಹೇಳಿದಳು:

“ಒಂದು ಕೊಡಾಕ ಮನಸ್ಸಿಲ್ಲಂದ್ರ ಹಂಗ ಹೇಳಬೇಕಿತ್ತು.”

೩. ಸಾವಧಾನ

ಸವದತ್ತಿಯ ಮದುವೆಗೆ ಹೋದೆ. ಎಲ್ಲರ ಕೈಗೂ ಅಕ್ಕಿಕಾಳು ಬಂದಿದ್ದವು. ವರ ಇನ್ನೂ ಕೋಣೆಯಲ್ಲಿ ತಲೆಗೆ ರುಮಾಲು ಸುತ್ತಿಸಿಕೊಳ್ಳುತ್ತಿದ್ದ. ಫೋಟೋಗ್ರಾಫರ್ ಮದುವೆ ಹಾಲಿನ ಸ್ಪೀಕರ್ ಪರೀಕ್ಷಿಸಲು ಕಿತ್ತೂರಿನ ಮದುವೆಯ ವಿಡಿಯೋ ಹಚ್ಚಿದರು, ಹಾಡು ಕೇಳಿತು, ಲ್ಯಾಪ್‌ಟಾಪ್ ಮುಚ್ಚಿದರು. ಮೌಸ್ ಕಳೆದೀತೆಂದು ಕಿತ್ತು ಜೇಬಿಗೆ ಹಾಕಿಕೊಂಡು ಕ್ಯಾಮೆರಾ ತರಲು ಹೊರಗೆ ಹೋದರು. ಸ್ಪೀಕರಿನ ವೈರು ಹಾಗೇ ಇತ್ತು.

ಲ್ಯಾಪ್‌ಟಾಪ್ ಎದ್ದಿತು. ವಿಡಿಯೋ ನಿಂತಲ್ಲಿಂದ ಮುಂದುವರಿಯಿತು. ಮಂಗಳಾಷ್ಟಕ ಮೊಳಗಿ “ಶುಭಮಂಗಲ ಸಾವಧಾನ” ಬಂತು.

ನಮ್ಮ ಕಡೆ ಹಿಂದೆ ಕೂತವರಿಗೆ ವೇದಿಕೆ ಕಾಣುವುದಿಲ್ಲ, ಸಾವಧಾನ ಕೇಳಿದರೆ ಕಾಳು ಒಗೆಯುತ್ತಾರೆ. ಒಗೆದರು. ಪ್ರತಿ ಸಾವಧಾನಕ್ಕೂ ಒಗೆದರು. ಕಡೆಯದು ಮುಗಿದದ್ದೇ ಊಟದ ಹಾಲಿಗೆ ನುಗ್ಗಿದರು.

ವರ ಹೊರಬಂದು ಖಾಲಿ ಕುರ್ಚಿಗಳನ್ನು ನೋಡಿದ.

“ನನ್ನ ಲಗ್ನ ಆತೇನ್ರಿ?”

ಫೋಟೋಗ್ರಾಫರ್ ಓಡಿಬಂದು ಸ್ಪೀಕರಿನ ವೈರು ಕಿತ್ತರು. ತಂಗಿ ಅಳತೊಡಗಿದ್ದಳು. ಲಗ್ನ ಮಾಡಿಸುವ ಅಯ್ಯನವರು ಗಡಿಯಾರ ನೋಡಿ, ಮುಹೂರ್ತ ಮೀರುವ ಮೊದಲು ಮಂದಿಯನ್ನು ಕರೆಯಿರಿ ಎಂದರು.

“ಎಲಿ ಮುಂದ ಕುಂತವರನ್ನ ಎಬ್ಬಿಸಬಾರದ್ರಿ,” ಎಂದರು ಹಿರಿಯರು.

ಹೀಗಾಗಿ ವಧೂವರರನ್ನೇ ಊಟದ ಹಾಲಿಗೆ ಕರೆತಂದರು. ಅಕ್ಕಿ ಕೇಳಿದರೆ ಅಡಿಗೆಯವ, “ಎಲ್ಲಾ ಅನ್ನ ಆಗೈತ್ರಿ,” ಎಂದ. ಅಯ್ಯನವರು ಸಾವಧಾನ ಅಂದಾಗ ಜನ ಎಲೆಯಲ್ಲಿ ಇದ್ದದ್ದನ್ನೇ ಒಗೆದರು.

ಮರುದಿನ ಫೋಟೋಗ್ರಾಫರ್ ಬಂದು ಟಿಕ್ ತೆಗೆಸಿಕೊಂಡರು. ಫೋಟೋಗಳನ್ನೂ ತೋರಿಸಿದರು. ಚೆನ್ನಾಗಿವೆ. ಕೊನೆಯದರಲ್ಲಿ ಮಾತ್ರ ವರನ ರುಮಾಲು ಕೆಂಪಗಿದೆ. ಸೋದರಮಾವ ಆಗಲೇ ಸಾರು ಕಲಸಿಕೊಂಡಿದ್ದರಂತೆ.